ಕಿವಿಯಲ್ಲಿ ನೋಡಿದ ವಿಡಿಯೋ

ಅಮ್ಮ ಹೋಗಿ ಹತ್ತೊಂಬತ್ತು ದಿನಗಳಾದ ಮೇಲೆ ಅವಳ ವಿಡಿಯೋಗಳನ್ನು ನಾನು ಕೆಲಸ ಮಾಡುವ ಅಂಗಡಿಗೆ ಒಯ್ದೆ. ಒಟ್ಟು ನಲವತ್ತಮೂರು. ಕೊನೆಯ ಮೂರು ತಿಂಗಳು ಹಾಸಿಗೆಯಲ್ಲೇ ಕೂತು, ಫೋನನ್ನು ಔಷಧಿ ಡಬ್ಬಕ್ಕೆ ಒರಗಿಸಿಟ್ಟು, ತನ್ನ ಪಾಡಿಗೆ ತಾನು ತೆಗೆದುಕೊಂಡವು. ಅಪ್ಪನಿಗೆ ಕಣ್ಣು ಮಂದ, ಫೋನಿನ ಪುಟ್ಟ ಪರದೆ ಆಗದು. ಅವರ ಹಳೆಯ ಟಿವಿಗೆ ಆ ಬಗೆಯ ಫೈಲು ಓದಲು ಬಾರದು. ಒಂದು ಬಗೆಯ ವಿಡಿಯೋವನ್ನು ಇನ್ನೊಂದು ಬಗೆಗೆ ಬದಲಾಯಿಸುವುದೇ ನನ್ನ ಕಸುಬು. ಒಂಬತ್ತು ವರ್ಷದಿಂದ ನಾನು ಬೇರೇನೂ ಮಾಡಿಲ್ಲ.

ಅವುಗಳಲ್ಲಿ ಒಂದನ್ನೂ ನಾನು ನೋಡಿರಲಿಲ್ಲ. ನೋಡಲಾಗಲಿಲ್ಲ ಎಂದು ಬರೆದರೆ ದುಃಖ ಉಕ್ಕಿ ಬಂದಂತೆ ಕೇಳಿಸುತ್ತದೆ. ಹಾಗೇನೂ ಇರಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ನನ್ನ ಮೈಯೆಲ್ಲ ಹಾಗಾಗಿತ್ತು. ಸಮಾಧಾನ ಹೇಳಲು ಬಂದವರಿಗೆ ನಾನೇ ಸಮಾಧಾನ ಹೇಳಿ ಕಳಿಸುತ್ತಿದ್ದೆ. ಒಂದು ತೊಟ್ಟು ಕಣ್ಣೀರು ಹಾಕಲಿಲ್ಲವೆಂದು ಚಿಕ್ಕಮ್ಮ ಮೂಗು ಮುರಿದರು. ಮುರಿದುಕೊಳ್ಳಲಿ.

ಅಪ್ಪ ಅಮ್ಮ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು. ನಮ್ಮ ಮನೆಯ ಮಾತು ಕೈಮಾತು. ನಾನು ಬಾಯಲ್ಲಿ ಮಾತು ಕಲಿಯುವ ಮೊದಲೇ ಕೈಯಲ್ಲಿ ಹಾಲು ಕೇಳಿದವಳು. ಕೈಮಾತಿನಲ್ಲಿ ಒಬ್ಬೊಬ್ಬರಿಗೂ ಒಂದು ಹೆಸರಿರುತ್ತದೆ. ನನ್ನದು, ಎರಡು ಬೆರಳನ್ನು ಮೂಗಿನ ತುದಿಗೆ ಮುಟ್ಟಿಸಿ ಒಂದು ಕ್ಷಣ ಹಾಗೇ ನಿಲ್ಲಿಸುವುದು. ಚಿಕ್ಕಂದಿನಲ್ಲಿ ಸದಾ ಸಿಂಬಳ ಸುರಿಸುತ್ತಿದ್ದೆನೆಂದು ಅಮ್ಮ ಇಟ್ಟದ್ದು. ನನಗೆ ಮೂವತ್ತನಾಲ್ಕಾದರೂ, ಹೊಸ ಹೆಸರು ಕೊಡು ಎಂದು ಎಷ್ಟು ಜಗಳವಾಡಿದರೂ, ಜಪ್ಪಯ್ಯ ಎಂದರೂ ಬದಲಾಯಿಸಲಿಲ್ಲ.

ಫೋನು ಕೊಡುವಾಗ ಅಪ್ಪ ಕೈಯಾಡಿಸಿ ಹೇಳಿದ್ದರು: "ಅವಸರ ಏನಿಲ್ಲ. ನಿಧಾನಕ್ಕೆ ಮಾಡು. ದೊಡ್ಡದಾಗಿ ಕಂಡ್ರೆ ಸಾಕು."

ಅಂಗಡಿಯ ಯಜಮಾನರಿಗೆ ನಾನಿಟ್ಟ ಹೆಸರು ಪರ್ಸೆಂಟ್. ಊಟಕ್ಕೆ ಕೂತವರನ್ನೂ 'ಎಷ್ಟು ಪರ್ಸೆಂಟ್ ಆಯ್ತು?' ಎಂದು ಕೇಳುವ ಮನುಷ್ಯ. ಹಿಂದಿನ ತಿಂಗಳಷ್ಟೇ ಅವರು ಕಂಪ್ಯೂಟರಿಗೆ ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರು. ಅದರ ಖಾಲಿ ಡಬ್ಬವನ್ನೂ ಬಿಸಾಡದೆ ಕಪಾಟಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು.

ಶನಿವಾರ ಬೆಳಿಗ್ಗೆ ಫೈಲುಗಳನ್ನು ಕಂಪ್ಯೂಟರಿಗೆ ಎಳೆದುಕೊಂಡೆ. ಅಪ್ಪನ ಫೋನು ಕೆಟ್ಟಿದ್ದರಿಂದ ಅಮ್ಮನದರಲ್ಲಿದ್ದುದನ್ನೆಲ್ಲ ಅಳಿಸಿ ಅದನ್ನೇ ಅವರಿಗಾಗಿ ಸಿದ್ಧ ಮಾಡಿದೆ. ಬರಿಯ ಪ್ರೊಸೆಸರಿನಲ್ಲಿ, ಒಳ್ಳೆಯ ಗುಣಮಟ್ಟದಲ್ಲಿ ಬದಲಾಯಿಸಲು ಹಚ್ಚಿದಾಗ ಪರದೆ ಇಪ್ಪತ್ತೊಂದು ಗಂಟೆ ಬೇಕು ಎಂದಿತು. ಮೂಲೆಯಲ್ಲಿ, ಆ ಕ್ಷಣ ಬದಲಾಗುತ್ತಿರುವ ಚಿತ್ರ ಚಿಕ್ಕದಾಗಿ ಕಾಣುತ್ತಿರುತ್ತದೆ. ಅಲ್ಲಿ ಅಮ್ಮ ದಿಂಬಿಗೆ ಒರಗಿ ಕೂತಿದ್ದಳು.

"ಪ್ರೊಸೆಸರ್‌ಗೆ ಯಾಕಮ್ಮಾ ಅಷ್ಟು ಹಿಂಸೆ? ಕಾರ್ಡ್ ತಂದಿರೋದು ಶೋಕೇಸಲ್ಲಿ ಇಡೋಕಾ?" ಹಿಂದಿನಿಂದ ಪರ್ಸೆಂಟ್ ಬಗ್ಗಿ ನೋಡಿದರು.

ಪ್ರೊಸೆಸರ್ ಹಟಮಾರಿ ಗುಮಾಸ್ತನ ಹಾಗೆ, ಪ್ರತಿ ಚಿತ್ರವನ್ನೂ ಕನ್ನಡಕ ಏರಿಸಿಕೊಂಡು ನೋಡುತ್ತದೆ. ಕಾರ್ಡ್ ಹಾಗಲ್ಲ, ರಾಶಿ ಕೆಲಸವನ್ನು ಒಂದೇ ಏಟಿಗೆ ಬಾಚಿ ಮುಗಿಸುತ್ತದೆ. ಅವಸರಪಡಿಸಿ, ಫೈಲೂ ಚಿಕ್ಕದಿರಲಿ ಎಂದರೆ, ಅಲುಗಾಡದ ಗೋಡೆ, ಮುಖ ಚೆನ್ನಾಗಿಯೇ ಬರುತ್ತವೆ. ವೇಗವಾಗಿ ಆಡುವುದನ್ನು ಮಾತ್ರ ಅಂದಾಜಿನಲ್ಲಿ ಬಳಿದುಬಿಡುತ್ತದೆ. ಕೂತು ಮಾತಾಡುವವರ ವಿಡಿಯೋದಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು.

ಎಲ್ಲವೂ ಒಂದೇ ಪೆನ್‌ಡ್ರೈವಿನಲ್ಲಿ ಹಿಡಿಯಲಿ ಎಂದು ಗಾತ್ರ ಇಳಿಸಿದೆ. ಕಾರ್ಡಿಗೆ ಹಚ್ಚಿದೆ. ವೇಗ ಎಂಬಲ್ಲಿ ತುತ್ತತುದಿಗೆ ಒತ್ತಿದೆ. ಮೂವತ್ತೆಂಟು ನಿಮಿಷ. ಅಪ್ಪನಿಗೆ ಅವಸರವಿರಲಿಲ್ಲ, ನನಗಿತ್ತು. ಇಪ್ಪತ್ತೊಂದು ಗಂಟೆ ಆ ಮೂಲೆಯಲ್ಲಿ ಅವಳು ಕೂತಿರುವುದು ನನಗೆ ಬೇಕಿರಲಿಲ್ಲ. ಒಮ್ಮೆ ಮುಗಿದರೆ ಸಾಕಾಗಿತ್ತು.

ಮುಗಿದ ಮೇಲೆ ಪರೀಕ್ಷೆ ಮಾಡಬೇಕು. ನಮ್ಮ ಅಂಗಡಿಯಲ್ಲಿ ಪರೀಕ್ಷೆ ಎಂದರೆ ಕಿವಿ. ಗಿರಾಕಿ ದೂರುವುದು ದನಿಯ ಬಗ್ಗೆಯೇ, ದನಿ ಮುಂದೆ ಓಡಿತು, ದನಿ ನಿಂತಿತು ಎಂದು. ಹಾಗಾಗಿ ಇಯರ್‌ಫೋನ್ ಹಾಕಿಕೊಂಡು, ಮೊದಲಲ್ಲಿ, ನಡುವಿನಲ್ಲಿ, ಕೊನೆಯಲ್ಲಿ ಒಂದಿಷ್ಟು ಕೇಳಿ, 'ಸರಿ ಇದೆ' ಒತ್ತುತ್ತೇವೆ. ಒತ್ತಿದೊಡನೆ ಮೂಲ ಫೈಲು ಅಳಿಸಿಹೋಗುತ್ತದೆ, ಇಲ್ಲವಾದರೆ ಡಿಸ್ಕಿನಲ್ಲಿ ಜಾಗ ಸಾಲುವುದಿಲ್ಲ.

ಕೇಳಿದೆ. ಮಂಚದ ಕಿರುಗುಟ್ಟುವ ಸದ್ದು. ಫ್ಯಾನು. ಅಂಗೈಗೆ ಅಂಗೈ ತಾಗುವ ಸಣ್ಣ ಸಪ್ಪಳ. ಎಲ್ಲ ಸ್ಪಷ್ಟವಾಗಿತ್ತು. ಕಣ್ಣು ಕಪಾಟಿನ ಮೇಲಿನ ಡಬ್ಬದ ಮೇಲಿತ್ತು. ನಲವತ್ತಮೂರು ಸಲ 'ಸರಿ ಇದೆ' ಒತ್ತಿದೆ.

"ಎಷ್ಟು ಪರ್ಸೆಂಟ್?"

"ನೂರು," ಎಂದೆ.

ಭಾನುವಾರ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆ ಬಾಚಿಕೊಂಡು ಟಿವಿಯ ಎದುರು ಕೂತಿದ್ದರು. ಯಾರೋ ಮನೆಗೆ ಬರುವವರಿದ್ದಾರೆ ಎನ್ನುವ ಹಾಗೆ ಪಕ್ಕದ ಕುರ್ಚಿಯ ಮೇಲಿನ ಪೇಪರುಗಳನ್ನೂ ಎತ್ತಿಟ್ಟಿದ್ದರು. ಪೆನ್‌ಡ್ರೈವ್ ಸಿಕ್ಕಿಸಿ ಮೊದಲನೆಯದನ್ನು ಒತ್ತಿದೆ.

ಅಮ್ಮ ಬಂದಳು. ಹುಬ್ಬಿನ ಮೇಲಿನ ಮಚ್ಚೆ, ದಿಂಬಿನ ಹೂವು, ಔಷಧಿ ಬಾಟಲಿಯ ಮುಚ್ಚಳ ಎಲ್ಲ ಕಾಣುತ್ತಿದ್ದವು. ಅವಳು ಕೈ ಎತ್ತಿದಳು. ಎತ್ತಿದ್ದೇ ತಡ, ಮಣಿಕಟ್ಟಿನಿಂದ ಮುಂದಕ್ಕೆ ಬರೀ ಮಂಜು. ಬೂದುಬಣ್ಣದ ಚೌಕ ಚೌಕ ಚೂರುಗಳು.

ಅಪ್ಪ ಕನ್ನಡಕ ಒರೆಸಿಕೊಂಡರು. ಎದ್ದು ಹೋಗಿ ಅಂಗಿಯ ತುದಿಯಿಂದ ಟಿವಿಯನ್ನೂ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಕೈ ಎಲ್ಲಿ?"

ಅಡುಗೆಮನೆಗೆ ಹೋಗಿ ಪರ್ಸೆಂಟ್‌ಗೆ ಫೋನ್ ಮಾಡಿದೆ.

"ಅಳಿಸಿದ್ದನ್ನ ವಾಪಸ್ ತರೋಕಾಗುತ್ತಾ ಸಾರ್?"

"ಯಾವಾಗ ಅಳಿಸಿದ್ದು? ನಿನ್ನೆ ಬೆಳಿಗ್ಗೆನಾ? ಅಯ್ಯೋ, ಮಧ್ಯಾಹ್ನ ಆ ಶಾಲೆಯವರ ಕೆಲಸ ಇಡೀ ಡಿಸ್ಕ್ ತುಂಬ ಬಂದು ಕೂತಿದೆಯಲ್ಲಮ್ಮಾ. ಯಾರದ್ದು ಅದು? ಗಿರಾಕಿ ಗಲಾಟೆ ಮಾಡ್ತಿದಾರಾ?"

"ಇಲ್ಲ. ಗಲಾಟೆ ಮಾಡ್ತಿಲ್ಲ," ಎಂದೆ.

ಹಿಂದಿರುಗಿದಾಗ ಅಪ್ಪ ತಮ್ಮಷ್ಟಕ್ಕೆ ನಗುತ್ತಿದ್ದರು. ಪರದೆಯ ಮೇಲಿನ ಮುಖವನ್ನೇ ನೋಡುತ್ತ, ತಮ್ಮ ಕೈಯಿಂದ ಅಮ್ಮನ ಮಾತು ಆಡುತ್ತಿದ್ದರು. "ನಲ್ಲಿ ತೊಟ್ಟಿಕ್ತಿದೆ, ರಿಪೇರಿಯವನಿಗೆ ಹೇಳು ಅಂತ ಎಷ್ಟು ಸಲ ಹೇಳ್ಲಿ?" ಆಮೇಲಿನದರಲ್ಲಿ, "ಕಂಬಳಿ ಮೇಲಿನ ಕಪಾಟಲ್ಲಿದೆ. ಹುಡುಕೋಕೆ ಬರದಿದ್ರೆ ಚಳೀಲಿ ಬಿದ್ದಿರು."

"ನಿಮಗೆ ಹೇಗೆ ಗೊತ್ತು?" ಎಂದು ಕೈಯಾಡಿಸಿದೆ.

"ನಲವತ್ತು ವರ್ಷ ಇದೇ ಮುಖ ಮಾಡ್ಕೊಂಡು ಬೈದಿದಾಳೆ. ಕೈ ಯಾಕೆ ಬೇಕು?"

ಬಚಾವಾದೆ ಎನ್ನಿಸಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಒಂದಾದ ಮೇಲೊಂದು ಹಾಕುತ್ತ ಹೋದೆ. ಗೊತ್ತಾಗದೇ ಹೋದಲ್ಲಿ ಅಪ್ಪ ತಲೆಯಾಡಿಸಿ ಮುಂದಿನದನ್ನು ಹಾಕೆಂದರು. ನಡುವೆ ಊಟ ಮಾಡಿದೆವು. ನಲವತ್ತಮೂರನೆಯದು ಬಂದಾಗ ಕಿಟಕಿಯ ಬಿಸಿಲು ಕುರ್ಚಿಯ ಕಾಲಿನವರೆಗೆ ಸರಿದಿತ್ತು.

ಅದರಲ್ಲಿ ಅಮ್ಮ ಬೈಯುತ್ತಿರಲಿಲ್ಲ. ಆ ಮುಖವನ್ನು ನಾನು ನೋಡಿರಲಿಲ್ಲ. ಅಪ್ಪನೂ ನೋಡಿರಲಿಲ್ಲವೆಂದು ಕಾಣುತ್ತದೆ, ಅವಳ ಮಾತು ಆಡಲು ಅವರು ಎತ್ತಿದ ಕೈ ಹಾಗೇ ನಿಂತಿತು. ಮಂಜಿನೊಳಗಿಂದ ಎರಡು ಬೆರಳು ಮೇಲೆ ಬಂದು ಮೂಗಿನ ತುದಿ ಮುಟ್ಟಿ ನಿಂತವು. ನಿಂತದ್ದರಿಂದ ಉಗುರು ಸಹಿತ ಕಂಡವು. ಮತ್ತೆ ಮಂಜು.

"ನಿನಗೆ ಹೇಳ್ತಿದಾಳೆ. ನೀನೇ ಓದು," ಎಂದರು ಅಪ್ಪ.

ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಬಾಡಿಗೆ ಮನೆಯವರ ಮುಂದೆ, ಬುದ್ಧಿ ಬಂದಾಗಿನಿಂದ ಅವರಿಬ್ಬರಿಗೆ ಲೋಕದ ಮಾತು ದಾಟಿಸುತ್ತ ಬಂದವಳು ನಾನು. ಕೈ ತಾನಾಗಿ ಎದ್ದಿತು. "ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತಿದಾಳೆ," ಎಂದೆ.

ಅಪ್ಪ ಪರದೆಯ ಕೆಳಗಿನ ಅಂಕಿಗಳನ್ನು ಬೆರಳಿಂದ ತೋರಿಸಿದರು. "ಒಂಬತ್ತು ನಿಮಿಷ ಅದನ್ನೇ ಹೇಳಿದಾಳಾ?"

ನಾನು ಕೈ ಇಳಿಸಿದೆ. ಮತ್ತೆ ಎತ್ತಿ ಹೇಳಿದೆ: "ನನಗೆ ಗೊತ್ತಿಲ್ಲ ಅಪ್ಪಾ. ಬೇಗ ಮುಗೀಲಿ ಅಂತ ಕಾರ್ಡಿಗೆ ಹಾಕ್ದೆ. ನೋಡ್ದೇ ಅಳಿಸ್ಬಿಟ್ಟೆ."

ಅಪ್ಪ ರಿಮೋಟ್ ತೆಗೆದುಕೊಂಡು ಅದನ್ನು ಮತ್ತೆ ಮೊದಲಿನಿಂದ ಹಾಕಿ, ಪಕ್ಕದ ಖಾಲಿ ಕುರ್ಚಿಯನ್ನು ತಟ್ಟಿದರು. ಹೋಗಿ ಕೂತೆ.

ಈ ಸಲ ಎಣಿಸಿದೆ. ಒಂಬತ್ತು ನಿಮಿಷದಲ್ಲಿ ಅಮ್ಮ ಹನ್ನೊಂದು ಸಲ ನನ್ನ ಹೆಸರು ಹಿಡಿದು ಕರೆದಳು. ಪ್ರತಿ ಸಲವೂ ಎರಡು ಬೆರಳು ಮೂಗಿನ ಮೇಲೆ ನಿಂತು, ನಾನು ನೋಡುತ್ತಿದ್ದೇನೆಯೇ ಎಂದು ಕಾದು, ಮತ್ತೆ ಮಂಜಾಗುತ್ತಿದ್ದವು. ಹನ್ನೊಂದನೆಯ ಸಲಕ್ಕೆ, ಬಾಯಲ್ಲಿ ಎಂದೂ ಕರೆಯದ ಆ ಮನೆಯಲ್ಲಿ, ನಾನು ಬಾಯಿಬಿಟ್ಟು "ಏನಮ್ಮಾ?" ಎಂದೆ. ಅಪ್ಪನಿಗೆ ಕೇಳಿಸಲಿಲ್ಲ.