ಹೊರಡುವ ಮುಂಚೆ ಒಂದು ಸೂಜಿ

ಕೊತ್ತಗೆರೆಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕದರಮ್ಮನಿಗೆ ಬೇಕಾಗಿದ್ದು ಒಂದು ಹೆಸರು. ಔಷಧಿ ಆಮೇಲಿನ ಮಾತು. ನಾಲ್ಕು ವರ್ಷದಿಂದ ಬೆಳಗಾದರೆ ಬೆರಳು ಮಡಚಲು ಬರುವುದಿಲ್ಲ, ಮಣಿಕಟ್ಟು ಬಿಸಿಯಾಗಿ ಊದಿಕೊಳ್ಳುತ್ತದೆ, ಪಾದ ನೆಲಕ್ಕೆ ಊರಿದರೆ ಜೀವ ಹೋದಂತಾಗುತ್ತದೆ, ಸಂಜೆಗೊಂದು ಸಣ್ಣ ಜ್ವರ. ಇದಕ್ಕೆ ಏನಂತಾರೆ ಅನ್ನುವುದನ್ನು ಯಾರಾದರೂ ಒಬ್ಬ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು, ಅದನ್ನು ಗಂಡನ ಮುಖದ ಮುಂದೆ ಹಿಡಿಯುತ್ತೇನೆ ಎಂದುಕೊಂಡೇ ಅವಳು ನಾಲ್ಕು ವರ್ಷ ಬಸ್ಸು ಹತ್ತಿ ಇಳಿದಳು.

ಅವರು ಬರೆದುಕೊಟ್ಟಿದ್ದು ಒಂದೇ ಮಾತು. ನಾರ್ಮಲ್. ಕುಣಿಗಲ್ಲಿನಲ್ಲಿ ನಾರ್ಮಲ್, ಗುಬ್ಬಿಯ ಮೂಳೆ ಡಾಕ್ಟರ ಹತ್ತಿರ ನಾರ್ಮಲ್, ತುಮಕೂರಿಗೆ ಹೋಗಿ ಮರಳೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಎರಡು ಸಲ ತೋರಿಸಿದರೆ ಎರಡು ಸಲವೂ ನಾರ್ಮಲ್. ಒಬ್ಬರು ವಯಸ್ಸಾಯಿತಲ್ಲಮ್ಮ ಅಂದರು. ಅವಳಿಗೆ ಮೂವತ್ತೊಂಬತ್ತು. ಇನ್ನೊಬ್ಬರು ನಿದ್ದೆ ಮಾತ್ರೆ ಬರೆದರು. ಮತ್ತೊಬ್ಬರು ಕನ್ನಡಕ ಮೇಲೇರಿಸಿ, "ಮನೇಲಿ ಏನಾದ್ರೂ ಜಗಳ ಇದ್ಯಾ?" ಅಂತ ಕೇಳಿದರು. ಅಲ್ಲಿಯವರೆಗೆ ಇರಲಿಲ್ಲ. ಡಾಕ್ಟರು ಹೀಗೆ ಕೇಳಿದರು ಎಂದು ಅವಳು ಮನೆಗೆ ಬಂದು ಹೇಳಿದಳು ನೋಡಿ, ಅವತ್ತಿನಿಂದ ಶುರುವಾಯಿತು.

ಅವಳ ಗಂಡ ಅಂಜನಮೂರ್ತಿ ಒಳ್ಳೆಯವನೆಂದು ಊರೇ ಹೇಳುತ್ತದೆ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ನಮ್ಮ ಕಡೆ ಗಂಡಸು ಒಳ್ಳೆಯವನೆನ್ನಿಸಿಕೊಳ್ಳಲು ಅಷ್ಟೇ ಸಾಕು. ಅವನು ಹಾಲಿನ ಡೇರಿಯ ಸೆಕ್ರೆಟರಿ. ಯಾರ ಹಾಲಿಗೆ ಎಷ್ಟು ನೀರು ಬಿದ್ದಿದೆ ಎಂದು ಮೆಷಿನ್ನು ಹೇಳುತ್ತದೆ, ಇವನು ಅವರ ಮುಖಕ್ಕೇ ಹೇಳುತ್ತಾನೆ. ಮೆಷಿನ್ನಿನ ಮಾತಿಗೆ ಎದುರು ಮಾತಿಲ್ಲ. ಹೆಂಡತಿಯ ರಿಪೋರ್ಟುಗಳನ್ನೂ ಅವನು ಹಾಗೇ ಓದಿದ.

"ರಕ್ತ ನೋಡಿದ್ದು ಮೆಷಿನ್ನು. ಅದ್ಯಾಕೆ ಸುಳ್ಳೇಳ್ತದೆ? ಅದ್ಕೇನು ನಿನ್ ಮ್ಯಾಲೆ ದ್ವೇಷನಾ?" ಅಂದ.

ಅವನಿಗೆ ಇನ್ನೊಂದು ಸಾಕ್ಷಿಯೂ ಸಿಕ್ಕಿತ್ತು. ಮಾಮೂಲಿ ದಿನ ಗೋಡೆ ಹಿಡಿದು ನಡೆಯುವ ಹೆಂಡತಿ ಆಸ್ಪತ್ರೆಗೆ ಹೋಗುವ ದಿನ ಮಾತ್ರ ಎದ್ದು, ತಲೆ ಬಾಚಿ, ಸೀರೆ ಉಟ್ಟು, ಸರಸರ ನಡೆದು ಬಸ್ ಸ್ಟಾಪಿಗೆ ಹೋಗುತ್ತಿದ್ದಳು. "ಪ್ಯಾಟೆಗೆ ಹೋಗೋದು ಅಂದ್ರೆ ಕಾಲು ಬತ್ತವೆ, ಕೊಟ್ಟಿಗೆಗೆ ಹೋಗು ಅಂದ್ರೆ ಬರಕಿಲ್ಲ," ಎಂದು ಅವನು ಡೇರಿಯ ಕಟ್ಟೆಯ ಮೇಲೆ ನಾಲ್ಕು ಜನ ನಗುವ ಹಾಗೆ ಹೇಳಿದ್ದು ಅವಳ ಕಿವಿಗೂ ಬಿತ್ತು. ಆದರೆ ಅವನು ಕಂಡದ್ದೇನೂ ಸುಳ್ಳಲ್ಲ. ಆಸ್ಪತ್ರೆಯ ದಿನ ಅವಳು ಚೆನ್ನಾಗಿಯೇ ಇರುತ್ತಿದ್ದಳು. ಅದಕ್ಕೆ ಕಾರಣ ಅವಳ ತಮ್ಮ ಗಂಗರಾಜು.

ಗಂಗರಾಜು ಕುಣಿಗಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಹನ್ನೆರಡು ವರ್ಷದಿಂದ ಕಾಂಪೌಂಡರು. ಕೈಗುಣ ಒಳ್ಳೆಯದು, ಸೂಜಿ ಹಾಕಿದ್ದೇ ಗೊತ್ತಾಗುವುದಿಲ್ಲ ಎಂದು ಸುತ್ತಲ ಹಳ್ಳಿಯವರು ಡಾಕ್ಟರನ್ನು ಬಿಟ್ಟು ಇವನನ್ನೇ ಹುಡುಕಿಕೊಂಡು ಬರುತ್ತಾರೆ. ಅಕ್ಕನಿಗೆ ನೋವಿದೆ ಎಂದು ನಂಬಿದವನು ಅವನೊಬ್ಬನೇ. ರಿಪೋರ್ಟು ನೋಡಿ ನಂಬಿದ್ದಲ್ಲ, ಮುಖ ನೋಡಿ ನಂಬಿದ್ದು. ಮೊದಲ ಸಲ ಕುಣಿಗಲ್ಲಿನ ಆಸ್ಪತ್ರೆಗೆ ಹೋಗಬೇಕಾದ ಹಿಂದಿನ ದಿನ ಅವಳು ಹಾಸಿಗೆಯಿಂದ ಏಳಲಾರದೆ ಅತ್ತಾಗ ಅವನೇ ಬ್ಯಾಗು ತಂದು, "ಒಂದು ಸೂಜಿ ಹಾಕ್ತೀನಿ ಕಣಕ್ಕ, ನಾಳೆ ನೀನು ನಡ್ಕೊಂಡೇ ಹೋಗ್ತೀಯ," ಅಂದ. ಹಾಗೇ ಆಯಿತು. ಮಾರನೆಯ ದಿನ ಅವಳ ಬೆರಳು ಅವಳ ಮಾತು ಕೇಳಿದವು. ಎಷ್ಟೋ ತಿಂಗಳ ಮೇಲೆ ತನ್ನ ಜಡೆ ತಾನೇ ಹೆಣೆದುಕೊಂಡಳು.

ಆಮೇಲೆ ಅದೇ ರೂಢಿಯಾಯಿತು. ಆಸ್ಪತ್ರೆಗೆ ಹೊರಡುವ ಮುಂಚೆ ಒಂದು ಸೂಜಿ, ಹಬ್ಬ ಬಂದರೆ ಒಂದು, ಶಾಲೆಗೆ ಸಾಹೇಬರು ಬರುತ್ತಾರೆಂದರೆ ಒಂದು. ಕೂತು ಓದುವವರಿಗೆ ಇದು ಹುಚ್ಚುತನ ಅನ್ನಿಸಬಹುದು. ಊದಿದ ಕಾಲಿನಲ್ಲಿ ಬೆಳಗಿನ ಬಸ್ಸಿನಲ್ಲಿ ಹೆಬ್ಬೂರು ದಾಟುವ ತನಕ ನಿಂತುಕೊಂಡು ಹೋಗಿ, ಆಮೇಲೆ ಟೋಕನ್ನಿಗೆ ಒಂದು ಕ್ಯೂ, ರಕ್ತಕ್ಕೆ ಒಂದು ಕ್ಯೂ ನಿಂತು ನೋಡಿ, ಆಮೇಲೆ ಮಾತಾಡೋಣ. ಮೇಲಾಗಿ ಡಾಕ್ಟರ ಮುಂದೆ ನರಳಿಕೊಂಡು ಕೂರುವುದು ಮರ್ಯಾದೆಯಲ್ಲ ಎಂದು ಕದರಮ್ಮನಿಗೆ ಅನ್ನಿಸುತ್ತಿತ್ತು. ದೊಡ್ಡವರ ಹತ್ತಿರ ಹೋಗುವಾಗ ನೆಟ್ಟಗೆ ಹೋಗಬೇಕು ಎಂದು ಬೆಳೆಸಿದ ಮನೆ ಅವಳದು. ಅದಕ್ಕೇ ಅವಳು ನೆಟ್ಟಗೆ ಹೋದಳು, ನೆಟ್ಟಗೆ ಕೂತಳು, ಅವರು ಕೈ ಹಿಡಿದು ನೋಡಿ ನಾರ್ಮಲ್ ಎಂದು ಬರೆದರು. ವಾರ ಕಳೆಯುವುದರೊಳಗೆ ಅವಳು ಮತ್ತೆ ಗೋಡೆ ಹಿಡಿಯುತ್ತಿದ್ದಳು.

ಈ ವರ್ಷ ಜುಲೈನಲ್ಲಿ ಶಾಲೆಯ ಅಡುಗೆಮನೆಯಲ್ಲಿ ಸಾಂಬಾರಿನ ಪಾತ್ರೆ ಅವಳ ಕೈಯಿಂದ ಜಾರಿತು. ಪುಣ್ಯಕ್ಕೆ ಮಕ್ಕಳು ಯಾರೂ ಹತ್ತಿರ ಇರಲಿಲ್ಲ. ಹೆಡ್‌ಮಾಸ್ಟರು ಬಂದು ನೋಡಿ, "ಏನು ಕಾಯಿಲೆ ಅಂತ ಡಾಕ್ಟ್ರ ಹತ್ರ ಬರೆಸ್ಕೊಂಡ್ ಬನ್ನಿ ಕದರಮ್ಮ. ಕಾಯಿಲೆನೇ ಇಲ್ಲ ಅಂದ್ರೆ ನಾನು ಕಮಿಟಿಗೆ ಏನಂತ ಹೇಳ್ಲಿ? ಶನಿವಾರದೊಳಗೆ ತನ್ನಿ," ಅಂದರು.

ಗಂಗರಾಜು ಅಲ್ಲಿ ಇಲ್ಲಿ ವಿಚಾರಿಸಿ, ಕ್ಯಾತ್ಸಂದ್ರದ ಒಂದು ಕ್ಲಿನಿಕ್ಕಿಗೆ ಗುರುವಾರ ಗುರುವಾರ ಕೀಲಿನ ಕಾಯಿಲೆಯನ್ನೇ ನೋಡುವ ಲೇಡಿ ಡಾಕ್ಟರು ಬರುತ್ತಾರೆ ಎಂದು ಪತ್ತೆ ಮಾಡಿ ಹೆಸರು ಬರೆಸಿದ. ಬುಧವಾರ ಬಂದು ಸೂಜಿ ಹಾಕುವುದು, ಗುರುವಾರ ಇಬ್ಬರೂ ಹೋಗುವುದು ಎಂದಾಗಿತ್ತು. ಬುಧವಾರ ಬೆಳಗ್ಗೆ ಗುಬ್ಬಿಯಲ್ಲಿ ಅವನ ಹೆಂಡತಿಯ ಅಪ್ಪ ತೀರಿಕೊಂಡರು.

"ಮುಂದಿನ್ ವಾರ ಹೋಗನ ಬುಡಕ್ಕ," ಎಂದು ಅವನು ಫೋನಿನಲ್ಲಿ ಹೇಳಿದ.

"ಶನಿವಾರದೊಳಗೆ ಕಾಗ್ದ ಕೊಡ್ಬೇಕು ಕಣ್ಲಾ. ಇವ್ರನ್ನೇ ಕರ್ಕೊಂಡ್ ಹೋಗ್ತೀನಿ."

ನಾಲ್ಕು ವರ್ಷದಲ್ಲಿ ಅಂಜನಮೂರ್ತಿ ಹೆಂಡತಿಯ ಜೊತೆ ಆಸ್ಪತ್ರೆಗೆ ಹೊರಟಿದ್ದು ಅದೇ ಮೊದಲು. ಬಸ್ಸಿನ ಮೆಟ್ಟಿಲು ಹತ್ತಲು ಅವಳಿಗೆ ಆಗಲಿಲ್ಲ. ಕಂಡಕ್ಟರು ಬೇಗ ಹತ್ತಮ್ಮ ಎಂದು ಕೂಗಿದ. ಗಂಡ ಹಿಂದಿನಿಂದ ಮೊಣಕೈ ಹಿಡಿದು ಎತ್ತಿದ, ಅವಳು ಕಿರುಚಿದಳು, ಬಸ್ಸಿನಲ್ಲಿದ್ದವರೆಲ್ಲ ತಿರುಗಿದರು. "ಸುಮ್ಕಿರೇ, ಎಲ್ರೂ ನೋಡ್ತವ್ರೆ," ಎಂದು ಅವನು ಹಲ್ಲು ಕಚ್ಚಿಕೊಂಡು ಹೇಳಿದ. ತುಮಕೂರು ಬರುವವರೆಗೆ ಅವನು ಕಿಟಕಿಯ ಆಚೆಯೇ ನೋಡುತ್ತಿದ್ದ.

ಡಾಕ್ಟರ್ ಸುಶ್ಮಿತಾಗೆ ಹೆಚ್ಚೆಂದರೆ ಮೂವತ್ತೈದು. ಅಂಜನಮೂರ್ತಿ ರಿಪೋರ್ಟಿನ ಕವರು ಮುಂದಿಟ್ಟರೆ ಅದನ್ನು ಪಕ್ಕಕ್ಕೆ ಸರಿಸಿ ಮೊದಲು ಕದರಮ್ಮನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಏನು ಕೆಲಸ, ಎಷ್ಟು ಮಕ್ಕಳಿಗೆ ಅಡುಗೆ ಎಂದು ಕೇಳುತ್ತಾ ಒಂದೊಂದೇ ಗೆಣ್ಣನ್ನು ಮೆಲ್ಲಗೆ ಒತ್ತಿದಳು.

"ಬೆಳಗ್ಗೆ ಎದ್ಮೇಲೆ ಕೈ ಸಡಿಲ ಆಗೋಕೆ ಎಷ್ಟು ಹೊತ್ತು ಬೇಕಮ್ಮ?"

"ಬಿಸ್ಲು ಹೊಸ್ಲಿಗೆ ಬರೋಗಂಟ ಆಗ್ತದೆ ಮೇಡಂ."

ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಕೈಯ ಎಕ್ಸ್‌ರೇಯನ್ನೂ ಯಾರೂ ತೆಗೆಸಿರಲಿಲ್ಲ. ಅಲ್ಲೇ ಎಕ್ಸ್‌ರೇ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು, ಬೆರಳುಗಳ ಮೂಳೆಯ ಅಂಚು ಎಲ್ಲೆಲ್ಲಿ ಸವೆದಿದೆ ಎಂದು ಪೆನ್ನಿನ ತುದಿಯಿಂದ ತೋರಿಸಿದಳು. "ಇದು ರುಮಟಾಯ್ಡ್ ಆರ್ಥ್ರೈಟಿಸ್. ಇನ್ನೊಂದು ರಕ್ತ ಪರೀಕ್ಷೆ ಕಳಿಸ್ತೀನಿ, ಆದ್ರೆ ನನಗೆ ಅನುಮಾನ ಇಲ್ಲ. ಈ ನೋವು ಇಟ್ಕೊಂಡು ನೀವು ನೂರು ಮಕ್ಕಳಿಗೆ ಅಡುಗೆ ಮಾಡ್ತಿದ್ರಾ?"

ವಾಸಿಯಾಗದ ಕಾಯಿಲೆಯ ಹೆಸರು ಕೇಳಿ ಹಿಗ್ಗಿದ ಹೆಂಗಸು ಆ ಕ್ಲಿನಿಕ್ಕಿನಲ್ಲಿ ಬಹುಶಃ ಅವಳೊಬ್ಬಳೇ. ಕಣ್ಣಲ್ಲಿ ನೀರು ತುಂಬಿಕೊಂಡು ಗಂಡನ ಕಡೆ ತಿರುಗಿದಳು. ಅವನು ಎಕ್ಸ್‌ರೇ ನೋಡುತ್ತಿದ್ದ. ಮೆಷಿನ್ನು ಹೇಳಿಬಿಟ್ಟಿತ್ತಲ್ಲ, ಅವನ ಬಾಯಿ ಕಟ್ಟಿಹೋಗಿತ್ತು. ನಾಲ್ಕು ವರ್ಷದಲ್ಲಿ ಕದರಮ್ಮನಿಗೆ ಸಿಕ್ಕ ಸುಖವೆಂದರೆ ಅದೇ, ಹೆಚ್ಚೆಂದರೆ ಎರಡು ನಿಮಿಷ.

ಡಾಕ್ಟರು ಹಳೆಯ ರಿಪೋರ್ಟು ಬಿಚ್ಚಿದಳು. ಹುಬ್ಬು ಗಂಟಿಕ್ಕಿದಳು. "ಇಷ್ಟು ಊದಿರೋ ಕೈನ ಇಷ್ಟು ಜನ ನೋಡಿ ನಾರ್ಮಲ್ ಅಂತ ಹೇಗೆ ಬರೆದ್ರು?"

"ಆವತ್ತೆಲ್ಲ ಊತ ಇರ್ತಿರ್ಲಿಲ್ಲ ಮೇಡಂ," ಎಂದು ಕದರಮ್ಮ ಹೆಮ್ಮೆಯಿಂದಲೇ ಹೇಳಿದಳು. "ಹೊರಡೋಕೆ ಮುಂಚೆ ನಮ್ ತಮ್ಮ ಸೂಜಿ ಹಾಕ್ತಿದ್ದ. ಅವ್ನು ಕಾಂಪೌಂಡ್ರು. ಇವತ್ತೊಂದಿನ ಅವ್ನಿಲ್ಲ, ಅದ್ಕೇ ಹಿಂಗೆ ಬಂದ್ಬುಟ್ಟೆ."

ಡಾಕ್ಟರ ಪೆನ್ನು ನಿಂತಿತು. ಯಾವ ಸೂಜಿ, ಎಷ್ಟು ಸಲ ಎಂದು ಕೇಳಿದಳು. ಕದರಮ್ಮ ಖಾಲಿ ಸೀಸೆಯ ಬಣ್ಣ, ಮುಚ್ಚಳದ ಬಣ್ಣ ಹೇಳಿದ ಮೇಲೆ ಕುರ್ಚಿಗೆ ಒರಗಿದಳು. "ಅದು ಸ್ಟೆರಾಯ್ಡ್ ಅಮ್ಮ. ಹಾಕಿದ ತಕ್ಷಣ ಊತ ಇಳಿಯುತ್ತೆ, ರಕ್ತದಲ್ಲೂ ಕಾಣಿಸ್ದೆ ಹೋಗುತ್ತೆ. ಕಾಯಿಲೆ ಮಾತ್ರ ಒಳಗೆ ಮೂಳೆ ತಿಂತಾನೇ ಇರುತ್ತೆ. ನೀವು ಪ್ರತಿ ಸಲ ಅದನ್ನ ಅಡಗಿಸಿಟ್ಟು ಡಾಕ್ಟ್ರಿಗೆ ತೋರಿಸೋಕೆ ಹೋಗಿದೀರ. ನಾಲ್ಕು ವರ್ಷದ ಹಿಂದೆ ಹೀಗೇ ಬಂದಿದ್ರೆ ಈ ಮೂರು ಬೆರಳು ಸೊಟ್ಟಗಾಗ್ತಿರ್ಲಿಲ್ಲ. ಇನ್ನು ಅವು ನೆಟ್ಟಗಾಗೋದಿಲ್ಲ."

ಕದರಮ್ಮ ಬೆರಳು ನೋಡಿಕೊಂಡಳು. ಬಲಗೈಯ ಮೂರು ಬೆರಳು ಹೊರಕ್ಕೆ ವಾಲಿದ್ದವು. ಆ ಡಾಕ್ಟರುಗಳಲ್ಲಿ ಒಬ್ಬರಾದರೂ ಏನು ಔಷಧಿ ತಗೊಂಡು ಬಂದಿದೀಯ ಎಂದು ಬಾಯಿಬಿಟ್ಟು ಕೇಳಿದ್ದರೆ ಅವಳು ಹೇಳುತ್ತಿದ್ದಳು, ಅವಳೇನು ಮುಚ್ಚಿಡುವವಳಲ್ಲ. ಕೇಳಲಿಲ್ಲ. ಬಿಳಿ ಕೋಟಿನವರಿಗೆ ಅಷ್ಟು ಪುರಸೊತ್ತು ಇರಲಿಲ್ಲ.

ಬರೆದ ಮಾತ್ರೆ ಕೆಲಸ ಮಾಡಲು ಎರಡು ತಿಂಗಳು ಬೇಕು, ಅಲ್ಲಿಯವರೆಗೆ ನೋವು ತಡೆಯಲು ಇನ್ನೊಂದು ಸಣ್ಣ ಮಾತ್ರೆ, ಆ ಸೂಜಿ ಮಾತ್ರ ಇನ್ನು ಬೇಡವೇ ಬೇಡ ಎಂದು ಡಾಕ್ಟರು ಎರಡು ಸಲ ಹೇಳಿ, ಕಾಯಿಲೆಯ ಹೆಸರು ಬರೆದ ಚೀಟಿ ಕೊಟ್ಟು ಕಳಿಸಿದಳು.

ವಾಪಸು ಬರುವಾಗ ಅಂಜನಮೂರ್ತಿಯ ಬಾಯಿ ಬಿಚ್ಚಿತು. ಕುಣಿಗಲ್ಲು ಬರುವವರೆಗೆ ಮುಚ್ಚಲಿಲ್ಲ. ಅಕ್ಕನ ಕೈ ಮುರಿದ ತಮ್ಮ, ಡಾಕ್ಟರ ವೇಷ ಹಾಕಿದ ಕಳ್ಳ, ಕೇಸು ಹಾಕಿಸ್ತೀನಿ, ನಾನು ಅವತ್ತೇ ಅಂದಿದ್ದೆ. ಅವತ್ತು ಅವನೇನು ಅಂದಿದ್ದ ಎಂಬುದು ಕದರಮ್ಮನಿಗೆ ಚೆನ್ನಾಗಿ ನೆನಪಿತ್ತು. ನಾಟಕ ಅಂದಿದ್ದ. ಅದನ್ನು ಅವನು ಆಗಲೇ ಮರೆತು, ಅನ್ಯಾಯ ಆದದ್ದೆಲ್ಲ ತನಗೇ ಎನ್ನುವ ಹಾಗೆ ಮುಖ ಮಾಡಿಕೊಂಡಿದ್ದ. ತಪ್ಪಾಯಿತು ಎಂಬ ಮಾತು ಹೆಬ್ಬೂರಿನಲ್ಲಾದರೂ ಬರುತ್ತದೋ ಎಂದು ಕಾದಳು. ಬರಲಿಲ್ಲ.

ಶುಕ್ರವಾರ ಚೀಟಿಯನ್ನು ಹೆಡ್‌ಮಾಸ್ಟರಿಗೆ ತೋರಿಸಿದಳು. ಅವರು ಎರಡು ಸಲ ಓದಿ, ಮೊಬೈಲಿನಲ್ಲೂ ನೋಡಿ, ಮೆತ್ತಗಿನ ದನಿಯಲ್ಲಿ, "ಇದು ದೊಡ್ಡ ಕಾಯಿಲೆ ಅಲ್ವೇನಮ್ಮ. ಪಾಪ, ನೀವು ಮನೇಲೇ ರೆಸ್ಟ್ ತಗೊಳ್ಳಿ, ಬೇರೆಯವ್ರನ್ನ ನೋಡ್ಕೋತೀವಿ," ಅಂದರು. ಹೆಸರಿಲ್ಲದಾಗ ಸೋಮಾರಿ ಅನ್ನಿಸಿಕೊಂಡಿದ್ದವಳು ಹೆಸರು ಬಂದ ಕೂಡಲೇ ಕೆಲಸಕ್ಕೆ ಬಾರದವಳಾದಳು. ಅಷ್ಟು ಆಸೆಪಟ್ಟು ತಂದ ಕಾಗದ ಮಾಡಿದ ಮೊದಲ ಉಪಕಾರ ಅದು.

ಭಾನುವಾರ ಮಧ್ಯಾಹ್ನ ಗಂಗರಾಜು ಗುಬ್ಬಿಯಿಂದ ನೇರ ಬಂದ. ನಾಲ್ಕು ದಿನದ ಗಡ್ಡ, ಹೆಗಲಲ್ಲಿ ಬ್ಯಾಗು. ಅಕ್ಕ ಸೂಜಿಯಿಲ್ಲದೆ ಹೋಗಿಬಂದಿದ್ದಾಳೆ, ಹೇಗಿದ್ದಾಳೋ ಎಂಬುದೊಂದೇ ಅವನ ತಲೆಯಲ್ಲಿತ್ತು. ಜಗುಲಿಯ ಮೇಲೆ ಕಾದು ಕೂತಿದ್ದ ಅಂಜನಮೂರ್ತಿ ಅವನನ್ನು ಮೆಟ್ಟಿಲು ಹತ್ತಲು ಬಿಡಲಿಲ್ಲ.

"ಬಂದ್ರಾ ದೊಡ್ ಡಾಕ್ಟ್ರು? ನಿಮ್ಮಕ್ಕನ ಬೆರಳ್ ನೋಡ್ಬಾರ್ಲಾ! ನೀನ್ ಹಾಕ್ತಿದ್ ಸೂಜಿಯಿಂದ್ಲೇ ಕಾಯಿಲೆ ಗೊತ್ತಾಗ್ದೆ ಹೋಗಿದ್ದಂತೆ. ಇನ್ ಮ್ಯಾಲೆ ಈ ಹೊಸ್ಲು ತುಳಿದ್ಯೋ, ಕಾಲ್ ಮುರೀತೀನಿ!"

ಕದರಮ್ಮ ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದಳು.

"ಅವ್ನು ನಂಗೆ ನೋವದೆ ಅಂತ ನಂಬಿ ತಪ್ ಮದ್ದು ಕೊಟ್ಟ," ಎಂದು ಗಂಡನಿಗೆ ಹೇಳಿದಳು. "ನೀವೇನ್ ಕೊಟ್ರಿ? ಅದ್ನ ಹೇಳಿ ಮೊದ್ಲು. ಡೇರಿ ಕಟ್ಟೆ ಮ್ಯಾಲೆ ಕೂತ್ಕೊಂಡು ನನ್ನ ನಗೆಪಾಟ್ಲು ಮಾಡಿದ್ರಲ್ಲ, ಅದೇ ತಾನೇ?"

ಅಂಜನಮೂರ್ತಿ ಚಪ್ಪಲಿ ಮೆಟ್ಟಿಕೊಂಡು ಡೇರಿಯ ಕಡೆ ಹೋದ. ಭಾನುವಾರ ಆ ಹೊತ್ತಿಗೆ ಡೇರಿಯಲ್ಲಿ ಯಾರೂ ಇರುವುದಿಲ್ಲ.

ಗಂಗರಾಜು ಕೈ ಚಾಚಿದ. ಅವಳು ಚೀಟಿ ಕೊಟ್ಟಳು. ಅವನು ಓದಿದ. ಓದಿದವನು ಜಗುಲಿಯ ಅಂಚಿಗೆ ಕೂತ.

"ಈ ಹೆಸ್ರು ನಂಗೊತ್ತು ಕಣಕ್ಕ. ವಾರಕ್ಕೆ ನಾಕೈದ್ ಜನಕ್ಕೆ ಈ ಮಾತ್ರೆ ನಾನೇ ಕಟ್ ಕೊಡ್ತೀನಿ. ಇದೇ ಮಾತ್ರೆ." ಚೀಟಿಯನ್ನು ಮಡಚಿ ಅವಳಿಗೆ ವಾಪಸು ಕೊಟ್ಟ. "ನಿನ್ ರಿಪೋರ್ಟಲ್ಲಿ ನಾರ್ಮಲ್ ಅಂತಿತ್ತಲ್ಲ, ಅದ್ಕೇ ನಿಂದು ಬ್ಯಾರೆ ಏನೋ ಅಂದ್ಕೊಂಡೆ."

ಅವಳಿಗೆ ಅವನನ್ನು ಬಾಯಿಗೆ ಬಂದ ಹಾಗೆ ಬಯ್ಯಬೇಕೆನ್ನಿಸಿತು, ಅಷ್ಟು ಸಿಟ್ಟಿತ್ತು. ಗಂಡನ ಮೇಲಿದ್ದದ್ದಕ್ಕಿಂತ ಹೆಚ್ಚೇ ಇತ್ತು. ಗಂಡ ಅವಳ ಕೈಯಿಂದ ಏನನ್ನೂ ಕಸಿದುಕೊಂಡಿರಲಿಲ್ಲ. ಇವನು ಪ್ರೀತಿಯಿಂದಲೇ ಮೂರು ಬೆರಳು ತಗೊಂಡಿದ್ದ. ಬಯ್ಯಲು ನಾಲಿಗೆ ಏಳಲಿಲ್ಲ. ಇವನನ್ನೂ ಕಳೆದುಕೊಂಡರೆ ಅವಳಿಗೆ ಇನ್ಯಾರಿದ್ದಾರೆ?

ಗಂಗರಾಜು ಕಣ್ಣೊರೆಸಿಕೊಂಡು ಅವಳ ಕೈ ನೋಡಿದ. ಮಣಿಕಟ್ಟು ಊದಿ ಬಳೆ ಬಿಗಿದುಕೊಂಡಿತ್ತು. ಅವನ ಕೈ ತಾನಾಗಿ ಬ್ಯಾಗಿನ ಜಿಪ್ಪಿನ ಮೇಲೆ ಹೋಯಿತು.

"ಮಾತ್ರೆ ಹಿಡಿಯೋಕೆ ಎರಡ್ ತಿಂಗ್ಳು ಬೇಕು. ಅಲ್ಲೀಗಂಟ ಹೆಂಗಕ್ಕ? ಇವತ್ತೊಂದೇ ಒಂದು, ಆಮೇಲೆ ಮುಟ್ಟೋದಿಲ್ಲ. ತುಂಬ ನೋಯ್ತದಾ?"

ಅವಳ ತೋಳು ಆಗಲೇ ಸೆರಗಿನಿಂದ ಹೊರಗೆ ಬರಲು ಹವಣಿಸುತ್ತಿತ್ತು. ಮೈಯೆಲ್ಲ ಆ ಸೂಜಿಯನ್ನೇ ಕೇಳುತ್ತಿತ್ತು. ಹೌದು ಅಂದರೆ ಅವನು ಜಿಪ್ಪು ಎಳೆಯುತ್ತಾನೆ, ಎಳೆದರೆ ಬೇಡ ಅನ್ನುವ ಶಕ್ತಿ ಅವಳಿಗಿಲ್ಲ. ಕದರಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇಲ್ಲ ಕಣೋ," ಅಂದಳು. "ಇವತ್ತು ಏನೂ ನೋವಿಲ್ಲ."

ನಾಲ್ಕು ವರ್ಷದಲ್ಲಿ ಆ ನೋವಿನ ಬಗ್ಗೆ ಅವಳು ಹೇಳಿದ ಒಂದೇ ಒಂದು ಸುಳ್ಳು ಅದು. ಗಂಗರಾಜು ಅದನ್ನೂ ನಂಬಿದ.