ಚಿಕ್ಕಯ್ಯನವರು ತಾವೇ ಕಟ್ಟಿದ ಗೋಡೆ ಒಡೆದರು

ಹಿನಕಲ್‌ನ ಚಿಕ್ಕಯ್ಯನವರು ಗಾರೆ ಕೆಲಸದವರು. ಎಷ್ಟೋ ಜನರ ಮನೆ ಕಟ್ಟಿಕೊಟ್ಟು, ಕೊನೆಗೆ ತಮ್ಮದನ್ನೂ ಕಟ್ಟಿಕೊಂಡರು. ಕೆಳಗೆ ಅವರು ಮತ್ತು ಹೆಂಡತಿ ತಿಮ್ಮಮ್ಮ. ಮೇಲಿನದು ಬಾಡಿಗೆಗೆ. ಒಂದೊಂದು ಇಟ್ಟಿಗೆಯೂ ತಮ್ಮ ಕೈಯದೇ ಎಂಬ ಹೆಮ್ಮೆ ಅವರಿಗೆ.

ಮೇಲಿನ ಮನೆಯಲ್ಲಿ ತೇಜಸ್ವಿನಿ, ಗಂಡ ಚಂದ್ರು ಮತ್ತು ಪುಟ್ಟ ಮಗಳು ಸೌಮ್ಯಶ್ರೀ ಇದ್ದರು. ಒಂದು ಬೆಳಿಗ್ಗೆ ಹೆಬ್ಬಾಳದ ಫ್ಯಾಕ್ಟರಿಗೆ ಹೊರಟ ತೇಜಸ್ವಿನಿ ಮೆಟ್ಟಿಲ ಬಳಿ ನಿಂತಳು.

"ಅಂಕಲ್, ಬಚ್ಚಲ ಗೋಡೆ ನೆಂದ್ಬುಟ್ಟಿದೆ. ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ."

"ನಾನು ಕಟ್ಟಿದ ಗೋಡೆ ಎಂಗಮ್ಮ ನೆನೀತದೆ? ನೀವೇ ನೀರು ಎರಚಿರ್ತೀರ. ಚಪ್ಪಲಿ ಹಾಕ್ಕೊಂಡು ಮುಟ್ಟಿ."

ಅಂದು ಸಂಜೆ ತಿಮ್ಮಮ್ಮನ ಸ್ವಸಹಾಯ ಸಂಘದ ಗೆಳತಿ ಸರ್ವಮಂಗಳಾ ಬಂದಿದ್ದರು. ಹೂಟಗಳ್ಳಿಯಲ್ಲಿ ಅವರದೂ ಬಾಡಿಗೆ ಮನೆಗಳಿವೆ. ನಲ್ಲಿಯ ವಿಷಯ ಕಿವಿಗೆ ಬಿದ್ದದ್ದೇ ಕಾಫಿ ಲೋಟ ಕೆಳಗಿಟ್ಟರು.

"ಚಿಕ್ಕಯ್ಯಣ್ಣ, ಇದು ತಮಾಷೆ ಅಲ್ಲ ಕಣ್ರೀ. ಗೋಡೆ ಒಳಗೆ ಪೈಪು ಸೋರ್ತಿರ್ಬೋದು. ಆ ನೀರು ವೈರ್‌ಗೆ ತಾಗಿದ್ರೆ ನಲ್ಲಿಗೂ ಕರೆಂಟ್ ಬರುತ್ತೆ. ಮೊದ್ಲು ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೀರಿ."

"ಬಾಡಿಗೆಯವ್ರು ಹೇಳಿದ್ದಕ್ಕೆಲ್ಲ ಗೋಡೆ ಒಡೀತಾ ಕೂತ್ರೆ ಮನೆ ಉಳೀತದಾ? ಬುಡಿ."

ಮಾತು ಮುಗಿಯುವಷ್ಟರಲ್ಲಿ ಮೇಲಿನಿಂದ ತೇಜಸ್ವಿನಿಯ ಚೀರಾಟ ಕೇಳಿತು: "ಅಯ್ಯೋ, ಮಗೂಗೆ ಕರೆಂಟ್ ಹೊಡೀತಿದೆ!" ಕೈ ತೊಳೆಯಲು ನಲ್ಲಿ ಹಿಡಿದ ಮಗುವಿನ ಕೈ ಅಲ್ಲೇ ಅಂಟಿಕೊಂಡಿತ್ತು. ಸರ್ವಮಂಗಳಾ ಮೆಟ್ಟಿಲು ಹತ್ತುತ್ತಲೇ ಕೂಗಿದರು: "ಮಗೂನ ಮುಟ್ಬೇಡಿ! ಅಣ್ಣಾ, ಮೇನ್ ಆಫ್ ಮಾಡಿ!"

ಚಿಕ್ಕಯ್ಯ ಓಡಿಹೋಗಿ ಮೇನ್ ಸ್ವಿಚ್ ಎಳೆದರು. ಮಗು ಚಂದ್ರುವಿನ ತೋಳಿಗೆ ಕುಸಿಯಿತು. ಎಲ್ಲರೂ ಆಟೋದಲ್ಲಿ ಆಸ್ಪತ್ರೆಗೆ ಓಡಿದರು. ಅಂಗೈ ಸುಟ್ಟಿತ್ತು, ಜೀವಕ್ಕೇನೂ ಆಗಿರಲಿಲ್ಲ.

ಮರುದಿನ ತೇಜಸ್ವಿನಿ ದನಿ ಏರಿಸದೆ ಹೇಳಿದಳು: "ಮನೆ ಖಾಲಿ ಮಾಡ್ತೀವಿ ಅಂಕಲ್."

ಚಿಕ್ಕಯ್ಯನವರಿಗೆ ತಲೆ ಎತ್ತಲಾಗಲಿಲ್ಲ. "ತಪ್ಪು ನಂದು ಕಣಮ್ಮ. ನೀನು ಹೇಳ್ದಾಗ್ಲೇ ಬಂದು ನೋಡ್ಬೇಕಿತ್ತು. ಹೋಗೋದಾದ್ರೆ ತಡೆಯಲ್ಲ. ಆದ್ರೆ ರಿಪೇರಿ ಮುಗಿಯೋವರ್ಗೂ ನಮ್ ಜೊತೆ ಕೆಳಗಿರಿ. ಆಮೇಲೆ ನೋಡಿ ತೀರ್ಮಾನ ಮಾಡಿ."

ಅವರು ಸಾಮಾನು ಸಮೇತ ಕೆಳಗೆ ಬಂದ ಮೇಲೆ ಚಿಕ್ಕಯ್ಯ ಉಳಿ ಸುತ್ತಿಗೆ ಹಿಡಿದು ತಾವು ಕಟ್ಟಿದ ಗೋಡೆಯನ್ನು ತಾವೇ ಒಡೆದರು. ಒಳಗೆ ಪೈಪಿನ ಜಾಯಿಂಟ್ ಬಿರುಕು ಬಿಟ್ಟಿತ್ತು. ಪಕ್ಕದ ವೈರಿನ ಹೊದಿಕೆ ಕೊಳೆತಿತ್ತು. ಅವರು ಪೈಪು ಬದಲಿಸಿದರು. ಎಲೆಕ್ಟ್ರಿಷಿಯನ್ ಶಿವಶಂಕರ್ ಹೊಸ ವೈರ್ ಎಳೆದು, ಅರ್ಥಿಂಗ್ ಸರಿಮಾಡಿ, ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್ ಕೂರಿಸಿದರು. ಅದರ ಟೆಸ್ಟ್ ಬಟನ್ ಒತ್ತಿದರೆ ಟಕ್ಕನೆ ಮನೆಯಿಡೀ ಆಫ್!

"ಇನ್ನೊಂದ್ಸಲ ಒತ್ತಿ," ಎಂದಳು ತೇಜಸ್ವಿನಿ. ಮತ್ತೆ ಟಕ್ಕೆಂದಿತು. ಚಿಕ್ಕಯ್ಯ ಮತ್ತೆ ಗಾರೆ ಮಾಡಿ ಮುಚ್ಚಿದ್ದ ಬಚ್ಚಲ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದಳು. ಒಣಗಿತ್ತು. ಗಂಡನ ಮುಖ ನೋಡಿ, "ಸಾಮಾನು ಮೇಲಕ್ಕೆ ತರೋಣ," ಎಂದಳು.

ಈಗ ಮಳೆಗಾಲಕ್ಕೆ ಮುಂಚೆಯೇ ಚಿಕ್ಕಯ್ಯ ತಾರಸಿಯ ಬಿರುಕು ಮುಚ್ಚುತ್ತಾರೆ, ನೀರಿನ ಟ್ಯಾಂಕ್ ತೊಳೆಸುತ್ತಾರೆ. "ಏನಾದ್ರೂ ತೊಂದ್ರೆ ಇದ್ಯೇನಮ್ಮ?" ಎಂದು ತಾವಾಗಿಯೇ ಕೇಳುತ್ತಾರೆ. ಮೊನ್ನೆ ಫ್ಯಾಕ್ಟರಿಯ ಗೆಳತಿಯೊಬ್ಬಳು ಬಾಡಿಗೆ ಮನೆ ಹುಡುಕುತ್ತಾ ಬಂದಾಗ ತೇಜಸ್ವಿನಿ ಚಿಕ್ಕಯ್ಯನವರನ್ನು ತೋರಿಸಿ ಹೇಳಿದಳು: "ಓನರ್ ಅಂದ್ರೆ ಇವ್ರ ಥರ ಇರ್ಬೇಕು ಕಣೇ." ಅಂದು ಚಿಕ್ಕಯ್ಯ ಬೀದಿಯ ಕೊನೆಯವರೆಗೂ ಎದೆಯುಬ್ಬಿಸಿ ನಡೆದುಹೋದದ್ದನ್ನು ತಿಮ್ಮಮ್ಮ ಬಾಗಿಲಲ್ಲೇ ನಿಂತು ನೋಡಿದರು.

ಮನೆ ಬಾಡಿಗೆಗೆ ಕೊಟ್ಟಿರುವ ಅಣ್ಣಂದಿರೇ, ಅಕ್ಕಂದಿರೇ, ಬಾಡಿಗೆಯವರು ಸೋರುತ್ತಿದೆ, ಜುಮ್ ಅನ್ನುತ್ತಿದೆ ಎಂದರೆ ಅದು ಬರೀ ದೂರು ಅಲ್ಲ, ಎಚ್ಚರಿಕೆ. ಅಂದೇ ಹೋಗಿ ನೋಡಿ. ವೈರಿಂಗ್, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಇದನ್ನು ಕೇಳಿದ ಮೇಲೆ ಇವತ್ತೇ ನಿಮ್ಮ ಬಾಡಿಗೆ ಮನೆಯ ಬಾಗಿಲು ತಟ್ಟಿ, "ಎಲ್ಲಾ ಸರಿಯಾಗಿದೆಯಾ?" ಎಂದು ಕೇಳಿ ಬನ್ನಿ.