ಕಲಶದ ಕಾಯಿ

ದಾಸನಕೊಪ್ಪದ ಸುತ್ತಮುತ್ತ ಯಾರು ಬೋರ್ ಹೊಡೆಸಿದರೂ ಜಾಗ ತೋರಿಸುವವನು ಕೆರಿಯಪ್ಪನೇ. ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿ ಎದ್ದು ನಿಂತರೆ ಅಲ್ಲಿ ನೀರು. ಅಂಥವನ ಮಗಳು ಭೂಮಿಕಾ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಚಂದ್ರನ ಮೇಲೆ ಐಸ್ ಹುಡುಕುವ ರೋಬೋಟ್ ಮಾಡಿದ್ದಳು. ಗೆದ್ದರೆ ಶಿರಸಿಯ ಸ್ಪರ್ಧೆಗೆ ಹೋಗುವುದಿತ್ತು.

ತಗಡಿನ ದೊಡ್ಡ ಚೌಕ ತಟ್ಟೆಯ ತುಂಬ ಒಲೆಯ ಬೂದಿ. ಅದೇ ಚಂದ್ರ. ಅಲ್ಲಿ ಬಿಸಿಲೇ ಬೀಳದ ಕುಳಿಗಳಲ್ಲಿ ಐಸ್ ಇರುತ್ತದಂತೆ. ಗೆಳತಿ ಚೇತನಾ ಬೂದಿಯಲ್ಲಿ ಐಸ್ ತುಂಡು ಹೂತಿಡುವಾಗ ಭೂಮಿಕಾ ಬೆನ್ನು ತಿರುಗಿಸಿ ನಿಂತಿದ್ದಳು. ಗಾಲಿಯ ಪುಟ್ಟ ಯಂತ್ರ ಕಡ್ಡಿ ಚುಚ್ಚುತ್ತ ಹೋಗಬೇಕು, ತಂಪು ತಾಗಿದಲ್ಲಿ ಕೆಂಪು ದೀಪ ಹತ್ತಬೇಕು. ತೀರ್ಪುಗಾರರು ಇನ್ನೂ ಪಕ್ಕದ ಕೋಣೆಯಲ್ಲಿದ್ದರು. ನೋಡಲು ಬಂದ ಊರವರ ನಡುವೆ ಕೆರಿಯಪ್ಪನೂ ನಿಂತಿದ್ದ.

"ಕೆರಿಯಪ್ಪಣ್ಣಾ, ಮಗಳು ನಿಮ್ಮ ಹೊಟ್ಟಿ ಮ್ಯಾಲೆ ಹೊಡ್ಯಾಕತ್ತಾಳ ನೋಡ್ರಿ," ಎಂದ ಸೈಕಲ್ ಅಂಗಡಿಯ ಸತೀಶ. "ನಿಮ್ಮ ಕಾಯಿ ಏನಂತೈತಿ?"

ಅಷ್ಟೇ ಸಾಕಾಯಿತು. ಕೆರಿಯಪ್ಪ ಹೋಗಿ ಉದ್ಘಾಟನೆಯ ಕಲಶದ ಮೇಲಿದ್ದ ಕಾಯಿಯನ್ನೇ ಎತ್ತಿಕೊಂಡು ಬಂದ.

"ಅಪ್ಪಾ, ಬ್ಯಾಡ. ಸರ್ ಬರ್ತಾರ."

"ಬರ್ಲಿ. ಅವ್ರೂ ಕಲೀಲಿ."

ಕಾಯಿಯನ್ನು ಅಂಗೈ ಮೇಲೆ ಮಲಗಿಸಿ ಬೂದಿಯ ಮೇಲೆ ಕೈ ಆಡಿಸಿದ; ಒಂದು ಮೂಲೆಯಲ್ಲಿ ಅದು ಎದ್ದು ನಿಂತಿತು. ಕೈ ಹಾಕಿ ಬಗೆದ. ಒಣ ಬೂದಿ. ಪಕ್ಕದಲ್ಲಿ ಬಗೆದ. ಅಲ್ಲೂ ಒಣ ಬೂದಿ.

"ಇನ್ನೂ ಆಳಕ್ಕ ಹೋಗ್ಬೇಕೇನೋ ಅಣ್ಣಾ!" ಎಂದ ಸತೀಶ. ಎಲ್ಲರೂ ನಕ್ಕರು.

ಅಪ್ಪನನ್ನು ನೋಡಿ ಜನ ನಗುವುದನ್ನು ತಡೆಯಲಾರದೆ ಭೂಮಿಕಾ ಅವರ ಗಮನ ತಿರುಗಿಸಲು ಯಂತ್ರವನ್ನು ಬೂದಿಯಲ್ಲಿ ಓಡಬಿಟ್ಟಳು. ಎದುರಿನ ಮೂಲೆಯಲ್ಲಿ ಕೆಂಪು ದೀಪ ಹತ್ತಿತು. ಕೆದಕಿ ಐಸ್ ತೆಗೆದು ತೋರಿಸಿದಳು. ಚಪ್ಪಾಳೆ ಬಿತ್ತು. ಕೆರಿಯಪ್ಪನಿಗೆ ಪಿತ್ತ ನೆತ್ತಿಗೇರಿತು.

"ಕಳ್ಳಿ! ಇಟ್ಟಾಕಿನೂ ನೀನ, ತಗದಾಕಿನೂ ನೀನ! ಇದೇನ್ ವಿದ್ಯಾ?"

ಬಾಗಿಲಲ್ಲಿ ತೀರ್ಪುಗಾರರು ನಿಂತಿದ್ದರು.

"ಸರ್, ಐಸ್ ಇಟ್ಟಿದ್ದು ನಾನು," ಎಂದಳು ಚೇತನಾ. ಅವರು ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರು. ತಾವೇ ಹೊಸ ತುಂಡು ಹೂತಿಟ್ಟರು. ಯಂತ್ರ ಹೊರಟಿತು, ಕೆರಿಯಪ್ಪ ಬಗೆದ ಗುಂಡಿಗೇ ಇಳಿಯಿತು. ಗಾಲಿ ಅಲ್ಲೇ ಗಿರಗಿರ ತಿರುಗಿತು, ಮೇಲೆ ಬರಲಿಲ್ಲ.

"ಇವರ್ಯಾರು?" ಎಂದರು ತೀರ್ಪುಗಾರರೊಬ್ಬರು.

ತಲೆ ತಗ್ಗಿಸಿಕೊಂಡ ಕೆರಿಯಪ್ಪ, ಯಾರೋ ಗೊತ್ತಿಲ್ಲ ಎಂದು ಮಗಳು ಹೇಳಿಬಿಟ್ಟರೆ ಸಾಕು ಎಂದುಕೊಂಡ.

"ನಮ್ಮಪ್ಪ ಸರ್," ಎಂದಳು ಭೂಮಿಕಾ. "ಊರಿಗೆಲ್ಲ ನೀರಿನ ಜಾಗ ತೋರಿಸ್ತಾರ."

ಅವರು ತಲೆಯಾಡಿಸಿ ಮುಂದಿನ ಮೇಜಿಗೆ ಹೋದರು. ಕೆರಿಯಪ್ಪ ಒಂದು ಕೈಯಿಂದ ಗುಂಡಿ ಮುಚ್ಚತೊಡಗಿದ.

"ಬಿಡಪ್ಪಾ. ಆತು."

ಹೊರಗೆ ಕಲಶದ ಕಾಯಿ ಯಾರು ಒಯ್ದರೆಂದು ಮಾಸ್ತರು ಕೂಗುತ್ತಿದ್ದರು. ಕೆರಿಯಪ್ಪ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತೇ ಇದ್ದ.